ಸೈಕಲ್ ತಗೊಳೋರೇ, ಸ್ಟೆಮ್ ಎಷ್ಟುದ್ದ ಅಂತ ಒಂದ್ಸಲ ಕೇಳಿ

ಮಾನ್ಯ ಸಂಪಾದಕರಿಗೆ ನಮಸ್ಕಾರ,

ಸೈಕಲ್ ಬಗ್ಗೆ ನಮ್ಮ ಪೇಪರ್‌ಗಳಲ್ಲಿ ಬರೋದು ಹೆಚ್ಚುಕಮ್ಮಿ ಎರಡೇ ಥರ. ಒಂದು ಪರಿಸರ ದಿನಾಚರಣೆ ಜಾಥಾ, ಇನ್ನೊಂದು ಇಷ್ಟು ಲಕ್ಷದ ಸೈಕಲ್ ಮಾರ್ಕೆಟ್ಟಿಗೆ ಬಂತು ಅನ್ನೋದು. ತಗೊಂಡ ಮೇಲೆ ಅದರ ಮೇಲೆ ಕೂತ್ಕೊಳೋನ ಕುತ್ತಿಗೆ, ಕೈ, ಸೊಂಟದ ಕಥೆ ಏನಾಗುತ್ತೆ ಅಂತ ಯಾರೂ ಬರೆಯಲ್ಲ, ಅದಕ್ಕೇ ನಾನೇ ಬರೀತಿದೀನಿ, ಸ್ವಲ್ಪ ಉದ್ದ ಆಗುತ್ತೆ, ಕ್ಷಮಿಸಿ.

ವಿಷಯ ಏನಂದ್ರೆ ಸ್ಟೆಮ್. ರೋಡ್ ಬೈಕ್ ಅಂತೀವಲ್ಲ, ಮೋಟಾರ್ ಬೈಕ್ ಅಲ್ಲ ಸ್ವಾಮಿ, ಟಗರಿನ ಕೊಂಬಿನ ಥರ ಬಾಗಿರೋ ಹ್ಯಾಂಡಲ್ ಇರೋ ತೆಳು ಟೈರಿನ ರೇಸ್ ಸೈಕಲ್, ಅದರಲ್ಲಿ ಮುಂದಿನ ಚಕ್ರ ಹಿಡಿದಿರೋ ಫೋರ್ಕಿನ ಕೊಳವೆಗೂ ಹ್ಯಾಂಡಲ್ಲಿಗೂ ನಡುವೆ ಒಂದು ಗೇಣಿಗಿಂತ ಚಿಕ್ಕ ಅಲ್ಯೂಮಿನಿಯಂ ತುಂಡು ಇರುತ್ತೆ, ಅದೇ ಸ್ಟೆಮ್. ಫೋರ್ಕ್ ಕೊಳವೆಯ ಮಧ್ಯದಿಂದ ಹ್ಯಾಂಡಲ್ ಕೊಳವೆಯ ಮಧ್ಯಕ್ಕೆ ಅಳತೆ ತಗೊಂಡ್ರೆ ಸಾಮಾನ್ಯವಾಗಿ 70ರಿಂದ 130 ಮಿಲಿಮೀಟರ್ ಇರುತ್ತೆ, ಅಂಗಡೀಲಿ ಹತ್ತತ್ತು ಮಿ.ಮೀ. ಅಂತರದಲ್ಲಿ ಸಿಗುತ್ತೆ. ಸಾದಾ ಸ್ಟೆಮ್‌ಗೆ ಸೈಕಲ್ ಬೆಲೆಯ ಮುಂದೆ ಲೆಕ್ಕಕ್ಕೇ ಬಾರದಷ್ಟು ದುಡ್ಡು. ಆದ್ರೆ ನನ್ನ ಎರಡು ವರ್ಷ ಹಾಳು ಮಾಡಿದ್ದು ಇದೇ ತುಂಡು. ಸತ್ಯ ಹೇಳಬೇಕಂದ್ರೆ ತುಂಡಿನ ತಪ್ಪಲ್ಲ, ತಪ್ಪು ಮಾರಿದೋನದ್ದು, ಅರ್ಧ ತಪ್ಪು ನನ್ನದೂ ಇದೆ.

ನಾನು 5 ಅಡಿ 7 ಇಂಚು. ನಲವತ್ತು ದಾಟಿದ ಮೇಲೆ ಡಾಕ್ಟ್ರು ಶುಗರ್ ಅಂಚಿಗೆ ಬಂದಿದೆ ಅಂದ್ರು, ಸೈಕಲ್ ತಗೊಳೋಣ ಅಂತ ಅಂಗಡಿಗೆ ಹೋದೆ. ಅಂಗಡಿ ಹೆಸರು ಬೇಡ. ಗೇರ್ ಎಷ್ಟು, ತೂಕ ಎಷ್ಟು, ಡಿಸ್ಕ್ ಬ್ರೇಕಾ, ಇಷ್ಟೇ ಕೇಳಿದ್ದು ನಾನು. ಅವರ ಹತ್ರ ಇದ್ದಿದ್ದು 56 ಸೈಜಿನ ಫ್ರೇಮ್, ಅಂದ್ರೆ ಸೈಕಲ್ಲಿನ ಚೌಕಟ್ಟು, ನನಗೆ ಆಗಬೇಕಿದ್ದಿದ್ದು 52ರಿಂದ 54. "ಸರ್, ಒಂದು ಸೈಜ್ ಹೆಚ್ಚುಕಮ್ಮಿ ಏನಾಗಲ್ಲ, ಓಡಿಸ್ತಾ ಓಡಿಸ್ತಾ ಬಾಡಿ ಅಡ್ಜಸ್ಟ್ ಆಗುತ್ತೆ" ಅಂದ ಹುಡುಗ. ಚಪ್ಪಲಿ ಅಂಗಡೀಲಿ ಹೀಗಂದಿದ್ರೆ ನಾನು ಎದ್ದು ಬಂದಿರ್ತಿದ್ದೆ, ಅಷ್ಟು ದುಡ್ಡಿನ ಸೈಕಲ್ಲಿಗೆ ತಲೆ ಅಲ್ಲಾಡಿಸಿ ಬಂದೆ. ಅದರಲ್ಲಿ ಇದ್ದಿದ್ದು 110 ಮಿ.ಮೀ. ಸ್ಟೆಮ್.

ಮೊದಲ ವಾರ ಖುಷಿ. ಎರಡನೇ ವಾರದಿಂದ ಶುರುವಾಯ್ತು ನೋಡಿ. ಒಂದು ಗಂಟೆ ಓಡಿಸೋ ಹೊತ್ತಿಗೆ ಕಿರುಬೆರಳು ಮತ್ತೆ ಉಂಗುರದ ಬೆರಳು ಜೋಮು ಹಿಡಿಯೋದು, ಮನೆಗೆ ಬಂದು ಕಾಫಿ ಲೋಟ ಹಿಡಿದ್ರೂ ಆ ಎರಡು ಬೆರಳು ನಮ್ಮದಲ್ಲ ಅನ್ನೋ ಥರ. ಅಂಗೈಯ ಹೊರ ಅಂಚಲ್ಲಿ ಹೋಗೋ ನರದ ಮೇಲೆ ಮೈಭಾರ ಎಲ್ಲ ಬಿದ್ದಾಗ ಹೀಗಾಗುತ್ತಂತೆ. ಕುತ್ತಿಗೆ ಹಿಂದೆ ಹಗ್ಗ ಬಿಗಿದ ಹಾಗೆ. ಮೊಣಕೈ ನೆಟ್ಟಗೆ ಕೋಲು. ನಮ್ಮ ಬೆಂಗಳೂರು ಮೈಸೂರು ಎಕ್ಸ್‌ಪ್ರೆಸ್‌ವೇ ಮೇನ್ ರೋಡಲ್ಲಿ 2023ರ ಆಗಸ್ಟಿಂದ ಸೈಕಲ್ ಬಿಡಲ್ಲ ಅಲ್ವಾ, ಸರ್ವಿಸ್ ರೋಡೇ ಗತಿ, ಅಲ್ಲಿ ಹಂಪ್ ಮೇಲೆ ಹಂಪು, ಮೊಣಕೈ ನೆಟ್ಟಗಿದ್ರೆ ಒಂದೊಂದು ಹಂಪೂ ಸೀದಾ ಭುಜಕ್ಕೆ ಹೊಡೆಯೋದು. ಗಮನಿಸಿ ನೋಡಿದ್ರೆ ಬ್ರೇಕ್ ಲಿವರ್ ಮೇಲಿನ ರಬ್ಬರ್ ಹುಡ್ ಹಿಡಿಯೋಕೆ ಅಂತ ಇರೋ ಜಾಗ, ನಾನು ಅದನ್ನ ಹಿಡೀತಾನೇ ಇರ್ಲಿಲ್ಲ, ಕೈ ತಾನಾಗೇ ಹಿಂದಕ್ಕೆ ಜಾರಿ ಹ್ಯಾಂಡಲ್ಲಿನ ಮೇಲ್ಗಡೆ ಬಂದು ಕೂರೋದು, ಬ್ರೇಕ್ ಹಿಡೀಬೇಕಾದಾಗ ಮುಂದಕ್ಕೆ ಎಗರಬೇಕು.

ಆಗ ನಾನು ಮಾಡಿದ ದಡ್ಡ ಕೆಲಸ ಏನಂದ್ರೆ ಸೀಟನ್ನ ಮುಂದಕ್ಕೆ ತಳ್ಳಿದ್ದು. ಹ್ಯಾಂಡಲ್ ದೂರ ಇದ್ದರೆ ಸೀಟು ಹತ್ರ ತರೋಣ, ಸುಲಭ ಅಲ್ವಾ. ಎರಡು ತಿಂಗಳಿಗೆ ಮಂಡಿ ಮುಂದ್ಗಡೆ ನೋವು. ಆಮೇಲೆ ಗೊತ್ತಾಯ್ತು, ಸೀಟಿನ ಎತ್ತರ ಮತ್ತೆ ಅದು ಎಷ್ಟು ಹಿಂದೆ ಮುಂದೆ ಇರಬೇಕು ಅನ್ನೋದು ಕಾಲಿಗೂ ಪೆಡಲ್ಲಿಗೂ ಸಂಬಂಧಪಟ್ಟಿದ್ದು, ಕೈಗಲ್ಲ. ಮೊದಲು ಕಾಲಿನ ಲೆಕ್ಕ ಮುಗಿಸಬೇಕು, ಸೀಟು ಅಲ್ಲೇ ಬಿಗಿ ಮಾಡಿ ಮರೆತುಬಿಡಬೇಕು, ಆಮೇಲೆ ಕೈ ಎಲ್ಲಿಗೆ ಬರುತ್ತೆ ನೋಡಿ ಸ್ಟೆಮ್ ಆರಿಸಬೇಕು. ಈ ಕ್ರಮ ತಪ್ಪಿದ್ರೆ ಒಂದು ನೋವು ಹೋಗಿ ಇನ್ನೊಂದು ಬರುತ್ತೆ, ನೋವು ಮನೆ ಬದಲಾಯಿಸುತ್ತೆ ಅಷ್ಟೇ.

ಸರಿ, ವಾಪಸ್ ಅಂಗಡಿಗೆ. ಅವರು 70ರ ಸ್ಟೆಮ್ ಹಾಕಿಕೊಟ್ರು. ಒಂದೇ ಏಟಿಗೆ 4 ಸೆಂಟಿಮೀಟರ್ ಕಮ್ಮಿ. ಅಂಗಡಿ ಮುಂದೆ ಒಂದು ರೌಂಡ್ ಹೊಡೆದಾಗ ಆಹಾ ಅನ್ನಿಸ್ತು, ಕುತ್ತಿಗೆ ನಿರಾಳ. ಮುಂದಿನ ಭಾನುವಾರ ಚಾಮುಂಡಿ ಬೆಟ್ಟ ಹತ್ತಿದೆ. ಹತ್ತೋವಾಗಲೇ ಎದ್ದು ನಿಂತು ತುಳಿದ್ರೆ ಮುಂದಿನ ಚಕ್ರ ಕುಡಿದೋರ ಥರ ಆ ಕಡೆ ಈ ಕಡೆ. ಇಳಿಯೋವಾಗ ಒಂದು ಕಡೆ ರಸ್ತೆ ನೆಟ್ಟಗಾಯ್ತಲ್ಲ ಅಂತ ಬಾಟ್ಲಿಗೆ ಕೈ ಹಾಕಿದೆ, ಇನ್ನೊಂದು ಕೈ ಹ್ಯಾಂಡಲ್ ಮೇಲ್ಗಡೆ ಸ್ಟೆಮ್ ಪಕ್ಕದಲ್ಲೇ ಇತ್ತು, ಅದು ಎಷ್ಟು ಅಲುಗಾಡ್ತೋ ಗೊತ್ತಿಲ್ಲ, ಸೈಕಲ್ ಸರ್ರಂತ ರಸ್ತೆ ಅಂಚಿನ ಕಡೆ ತಿರುಗಿಬಿಡ್ತು. ಬಾಟ್ಲಿ ಬಿಟ್ಟು ಹ್ಯಾಂಡಲ್ ಹಿಡಿದೆ. ಬಾಟ್ಲಿ ಉರುಳಿಕೊಂಡು ನನಗಿಂತ ಮುಂದೆ ಹೋಯ್ತು, ಅದನ್ನ ಈಗ ನೆನೆಸಿಕೊಂಡ್ರೆ ನಗು ಬರುತ್ತೆ, ಆಗ ಬಂದಿರ್ಲಿಲ್ಲ.

ಇದಾದ್ಮೇಲೆ ಇದರ ಹಿಂದಿನ ಲೆಕ್ಕ ಏನು ಅಂತ ತಲೆಗೆ ಹತ್ತಿಸ್ಕೊಂಡೆ. ಎಲ್ಲರೂ ಹೇಳೋದು, ಉದ್ದ ಸ್ಟೆಮ್ ಹಾಕಿದ್ರೆ ಸ್ಟೀರಿಂಗ್ ನಿಧಾನ, ಗಿಡ್ಡ ಹಾಕಿದ್ರೆ ಚುರುಕು ಅಂತ. ಹಳೇ ಲಾರಿ ಸ್ಟೀರಿಂಗ್ ನೋಡಿ, ಊಟದೆಲೆ ಅಗಲ, ಒಂದು ತಿರುವಿಗೆ ಕೈ ಎಷ್ಟು ದೂರ ಹೋಗಬೇಕು, ಅದೇ ಜಾತ್ರೇಲಿ ಮಕ್ಕಳ ಕಾರಿಂದು ತಟ್ಟೆಯಷ್ಟು, ಮುಟ್ಟಿದ್ರೆ ತಿರುಗುತ್ತೆ. ಮಾತು ಸರಿ, ಆದ್ರೆ ಎಷ್ಟು ಅಂತ ಯಾರೂ ಲೆಕ್ಕ ಹಾಕಲ್ಲ. ನಾನು ಹಾಕಿದೆ, ಹೈಸ್ಕೂಲ್ ಪೈಥಾಗೊರಸ್ ಸಾಕು. ಸ್ಟೆಮ್ 110, ಹ್ಯಾಂಡಲ್ ತಾನೇ ಮುಂದಕ್ಕೆ ಬಾಗಿರೋದು ಸುಮಾರು 80, ಒಟ್ಟು 190 ಮಿ.ಮೀ. ಮುಂದೆ. ಹ್ಯಾಂಡಲ್ ಅಗಲ 42 ಸೆಂ.ಮೀ., ಅಂದ್ರೆ ಮಧ್ಯದಿಂದ ಪಕ್ಕಕ್ಕೆ 210. ತಿರುಗೋ ಗೂಟ, ಅಂದ್ರೆ ಆ ಫೋರ್ಕ್ ಕೊಳವೆಯಿಂದ ಕೈಗೆ ಇರೋ ದೂರ ಸುಮಾರು 283 ಮಿ.ಮೀ. ಆಯ್ತು. ಸ್ಟೆಮ್ 70 ಮಾಡಿದ್ರೆ ಅದು 258. ಅಂದ್ರೆ 4 ಸೆಂ.ಮೀ. ಸ್ಟೆಮ್ ಕತ್ತರಿಸಿದ್ರೂ ಕೈಗೆ ಬಂದ ವ್ಯತ್ಯಾಸ ನೂರಕ್ಕೆ ಒಂಬತ್ತು. 10 ಮಿ.ಮೀ. ಬದಲಾಯಿಸಿದ್ರೆ ನೂರಕ್ಕೆ ಎರಡೂಕಾಲು ಅಷ್ಟೇ, ಅದು ಸ್ಟೀರಿಂಗಲ್ಲಿ ಗೊತ್ತಾಯ್ತು ಅನ್ನೋರ ಕೈ ನಿಜವಾಗ್ಲೂ ಸೂಕ್ಷ್ಮ ಇರಬೇಕು, ಇಲ್ಲಾ ಬಾಯಿ. ಆದ್ರೆ ಕೈ ಹ್ಯಾಂಡಲ್ ಮೇಲ್ಗಡೆ ಸ್ಟೆಮ್ ಹತ್ರ ಇದ್ರೆ ಲೆಕ್ಕವೇ ಬೇರೆ. ಅಲ್ಲಿ ಹ್ಯಾಂಡಲ್ ಬಾಗಿರೋ ಆ 80 ಲೆಕ್ಕಕ್ಕೆ ಬರಲ್ಲ, ಪಕ್ಕದ ದೂರ 100 ಅಂತಿಟ್ಕೊಂಡ್ರೆ 149 ಇದ್ದಿದ್ದು 122ಕ್ಕೆ ಇಳಿಯುತ್ತೆ, ನೂರಕ್ಕೆ ಹದಿನೆಂಟು. ನನ್ನ ಬಾಟ್ಲಿ ಹಾರಿದ್ದು ಇದಕ್ಕೇ. ಇನ್ನೊಂದು ತಮಾಷೆ, ಹ್ಯಾಂಡಲ್ಲನ್ನ 42ರಿಂದ 38ಕ್ಕೆ ಇಳಿಸಿದ್ರೂ ಸ್ಟೆಮ್ 2 ಸೆಂ.ಮೀ. ಗಿಡ್ಡ ಮಾಡಿದಷ್ಟೇ ವ್ಯತ್ಯಾಸ ಬರುತ್ತೆ, ಅದರ ಬಗ್ಗೆ ಯಾರೂ ಸೊಲ್ಲೆತ್ತಲ್ಲ.

ಸೈಕಲ್ಲಿನ ಹುಟ್ಟುಗುಣ ಸ್ಟೆಮ್ ಬದಲಾಯಿಸಿದ್ರೆ ಬದಲಾಗಲ್ಲ ಅನ್ನೋದನ್ನೂ ಹೇಳಿಬಿಡ್ತೀನಿ. ಫೋರ್ಕ್ ಎಷ್ಟು ಓರೆ ಇದೆ, ಎಷ್ಟು ಮುಂದಕ್ಕೆ ಚಾಚಿದೆ ಅನ್ನೋದರಿಂದ ಟ್ರೇಲ್ ಅನ್ನೋ ಅಳತೆ ಬರುತ್ತೆ. ಸ್ಟೀರಿಂಗ್ ಗೆರೆಯನ್ನ ನೆಲದವರೆಗೆ ಎಳೆದ್ರೆ ಅದು ಟೈರು ನೆಲ ಮುಟ್ಟೋ ಜಾಗಕ್ಕಿಂತ ಸ್ವಲ್ಪ ಮುಂದೆ ಬೀಳುತ್ತೆ, ರೋಡ್ ಬೈಕಲ್ಲಿ ಸಾಮಾನ್ಯವಾಗಿ 55ರಿಂದ 62 ಮಿ.ಮೀ. ಆಫೀಸ್ ಚೇರಿನ ಗಾಲಿ ಎಳೆದ ಕಡೆಗೆ ತಾನೇ ತಿರುಗಿಕೊಳ್ಳುತ್ತಲ್ಲ, ಅದೇ ಗುಣ. ಸ್ಟೆಮ್ ಇದನ್ನ ಮುಟ್ಟೋದೇ ಇಲ್ಲ. ಸ್ಟೆಮ್ ಮುಟ್ಟೋದು ನಿಮ್ಮ ಮೈಭಾರ ಎಲ್ಲಿ ಬೀಳುತ್ತೆ ಅನ್ನೋದನ್ನ. ಗಿಡ್ಡ ಆದ್ರೆ ಎದೆ ಹಿಂದಕ್ಕೆ ಬರುತ್ತೆ, ಮುಂದಿನ ಚಕ್ರ ಹಗುರ, ಏರಲ್ಲಿ ಅಲೆಯುತ್ತೆ, ಇಳಿಜಾರಿನ ತಿರುವಲ್ಲಿ ಟೈರು ನೆಲ ಕಚ್ಚಿದೆ ಅನ್ನೋ ನಂಬಿಕೆ ಬರಲ್ಲ. ಅತಿ ಉದ್ದ ಆದ್ರೆ ಭಾರ ಎಲ್ಲ ಮುಂದೆ, ನಂದಿ ಬೆಟ್ಟದ ಥರ ಒಂದಾದ್ಮೇಲೊಂದು ತಿರುವಿನ ಇಳಿಜಾರಲ್ಲಿ ಬ್ರೇಕ್ ಹಿಡಿದು ಹಿಡಿದು ಅಂಗೈ ಸತ್ತುಹೋಗುತ್ತೆ. ನನ್ನ ಅನುಭವದಲ್ಲಿ ಹಿಡಿತ ಅಂತ ನಾವು ಕರೆಯೋದರಲ್ಲಿ ಮುಕ್ಕಾಲುಪಾಲು ಈ ಭಾರದ ವಿಷಯ, ಕಾಲುಪಾಲು ಆ ಪೈಥಾಗೊರಸ್. ಸ್ವಲ್ಪ ಅಭ್ಯಾಸದ ಮಾತೂ ಇದೆ, ಯಾವ ಸ್ಟೆಮ್ಮಾದ್ರೂ ಒಂದೆರಡು ವಾರ ಓಡಿಸಿದ್ರೆ ಕೈ ಹೊಂದ್ಕೊಳ್ಳುತ್ತೆ, ಕುತ್ತಿಗೆ ಮಾತ್ರ ಹೊಂದ್ಕೊಳ್ಳಲ್ಲ.

ಈಗ ಸೈಜಿನ ವಿಷಯ. ಮುಂಚೆ ರೇಸ್ ಸೈಕಲ್ಲಿಗೆ ಮೇಲಿನ ಕೊಳವೆ ನೆಲಕ್ಕೆ ಸಮಾನಾಂತರ ಇರೋದು, ಸಣ್ಣ ಸಣ್ಣ ಅಂತರದಲ್ಲಿ ಎಷ್ಟೋ ಸೈಜ್ ಮಾಡ್ತಿದ್ರು. 1990ರ ದಶಕದಲ್ಲಿ ಮೈಕ್ ಬರೋಸ್ ಅನ್ನೋ ಇಂಗ್ಲೆಂಡಿನ ಡಿಸೈನರ್ ಜೈಂಟ್ ಕಂಪನಿಗೆ ಟಿಸಿಆರ್ ಅನ್ನೋ ಸೈಕಲ್ ಮಾಡಿಕೊಟ್ಟ, ಮೇಲಿನ ಕೊಳವೆ ಹಿಂದಕ್ಕೆ ಇಳಿಜಾರು, ಸೈಜ್ ಬರೀ ಸ್ಮಾಲ್, ಮೀಡಿಯಂ, ಲಾರ್ಜ್, ಉಳಿದಿದ್ದನ್ನ ಸೀಟಿನ ಕಂಬ ಮತ್ತೆ ಬೇರೆ ಬೇರೆ ಉದ್ದದ ಸ್ಟೆಮ್‌ನಲ್ಲಿ ಸರಿ ಮಾಡ್ಕೊಳಿ ಅಂತ. ಬುದ್ಧಿವಂತ ಯೋಚನೆ, ಈಗ ಹೆಚ್ಚಿನ ರೋಡ್ ಬೈಕುಗಳು ಆ ಇಳಿಜಾರಿನ ಆಕಾರದ್ದೇ. ಆದ್ರೆ ನಮ್ಮ ಅಂಗಡಿಗಳಲ್ಲಿ ಅದರ ಮೊದಲರ್ಧ ಮಾತ್ರ ಬಂದಿದೆ, ಸೈಜ್ ಕಮ್ಮಿ ಇಡೋದು. ಬೇರೆ ಬೇರೆ ಸ್ಟೆಮ್ ಇಟ್ಕೊಳೋದು ಅನ್ನೋ ಎರಡನೇ ಅರ್ಧ ದಾರೀಲೇ ಬಿದ್ದುಹೋಗಿದೆ.

ನಮ್ಮ ಬೀದಿ ಟೈಲರ್ ಹೇಳ್ತಾರೆ, ರೆಡಿಮೇಡ್ ಶರ್ಟ್ ತಂದ್ರೆ ತೋಳು ಗಿಡ್ಡ ಮಾಡಿಕೊಡ್ತೀನಿ, ಭುಜ ಇಳಿದಿದ್ರೆ ವಾಪಸ್ ಕೊಟ್ಬಿಡಿ ಅಂತ. ಸ್ಟೆಮ್ ಅಂದ್ರೆ ತೋಳು, ಫ್ರೇಮ್ ಅಂದ್ರೆ ಭುಜ. ಒಂದು ಸೈಜಿಗೂ ಮುಂದಿನ ಸೈಜಿಗೂ ಫ್ರೇಮಿನ ರೀಚ್, ಅಂದ್ರೆ ಫ್ರೇಮ್ ಮುಂದಕ್ಕೆ ಚಾಚಿರೋ ದೂರ, ಸುಮಾರಾಗಿ 5ರಿಂದ 10 ಮಿ.ಮೀ. ಬದಲಾಗುತ್ತೆ, ಅಷ್ಟನ್ನ ಸ್ಟೆಮ್ ನುಂಗ್ಕೊಳ್ಳುತ್ತೆ. ಎರಡು ಸೈಜ್ ತಪ್ಪಿದ್ರೆ ಆಗಲ್ಲ, ಎತ್ತರವೂ ತಪ್ಪಿರುತ್ತೆ, ಹ್ಯಾಂಡಲ್ ಅಗಲವೂ ತಪ್ಪಿರುತ್ತೆ. ಹೆಣ್ಣುಮಕ್ಕಳಿಗೆ ಇದು ಇನ್ನೂ ಕಷ್ಟ. 5 ಅಡಿ 1 ಇಂಚಿನ ಹುಡುಗಿಗೆ ಮೀಡಿಯಂ ಫ್ರೇಮ್ ಕೊಟ್ಟು 60ರ ಸ್ಟೆಮ್ ಹಾಕಿ ಕಳಿಸಿದ್ದನ್ನ ಕಣ್ಣಾರೆ ನೋಡಿದೀನಿ. ಅವಳಿಗೆ ಬೇಕಿದ್ದಿದ್ದು ಚಿಕ್ಕ ಫ್ರೇಮ್, ಮುಂದಕ್ಕೆ ಕಮ್ಮಿ ಬಾಗಿರೋ ಕಿರಿದಾದ ಹ್ಯಾಂಡಲ್.

ನನಗೆ ಕೊನೆಗೆ ಕೂಡಿಬಂದಿದ್ದು 90ರ ಸ್ಟೆಮ್, ಅದನ್ನ ಎತ್ತರಿಸೋಕೆ ಕೆಳಗೆ ಒಂದು 10 ಮಿ.ಮೀ. ಸ್ಪೇಸರ್ ಬಳೆ, ಸೀಟು ಅದರ ಜಾಗಕ್ಕೆ ವಾಪಸ್. ಸರಿ ಇದೆಯೋ ಇಲ್ವೋ ನೋಡ್ಕೊಳೋಕೆ ದೊಡ್ಡ ವಿದ್ಯೆ ಬೇಡ. ಹುಡ್ ಹಿಡಿದು ಅರ್ಧ ಗಂಟೆ ಓಡಿಸಿ, ಮೊಣಕೈ ಸ್ವಲ್ಪ ಮಡಚಿರಬೇಕು, ಹಾರ್ಮೋನಿಯಂ ಮುಂದೆ ಕೂತೋರ ಥರ ಭುಜ ಸಡಿಲ ಇರಬೇಕು, ಕುಂಡಿ ಸೀಟಿನ ತುದಿಗೆ ಜಾರ್ತಾ ಇದ್ರೆ ಹ್ಯಾಂಡಲ್ ದೂರ ಆಗಿದೆ ಅಂತ. ಬಗ್ಗಿ ಡ್ರಾಪ್, ಅಂದ್ರೆ ಹ್ಯಾಂಡಲ್ಲಿನ ಕೆಳಗಿನ ಬಾಗು ಹಿಡಿದು ತುಳಿಯೋವಾಗ ಮಂಡಿ ಮೊಣಕೈಗೆ ತಾಕೋ ಹಾಗಿದ್ರೆ, ಬೆನ್ನು ಗೂನಾದ್ರೆ, ಹತ್ರ ಆಗಿದೆ ಅಂತ. ಹ್ಯಾಂಡಲ್ಲು ಮುಂದಿನ ಚಕ್ರದ ನಡುವಿನ ಗುಂಬವನ್ನ (ಹಬ್) ಮರೆ ಮಾಡಬೇಕು ಅಂತ ಒಂದು ಹಳೇ ಸೂತ್ರ ಹೇಳ್ತಾರೆ, ನಂಬಬೇಡಿ, ಫೋರ್ಕಿನ ಓರೆ ಬದಲಾದ್ರೆ ಆ ಸೂತ್ರ ಅಲ್ಲಿಗೇ ಮುಗೀತು.

ದುಡ್ಡೇ ಖರ್ಚಿಲ್ಲದ ಒಂದು ಉಪಾಯ, ಸ್ಟೆಮ್ಮನ್ನ ತಲೆಕೆಳಗು ಮಾಡೋದು. ಹೆಚ್ಚಿನ ಸ್ಟೆಮ್‌ಗಳಿಗೆ 6 ಅಥವಾ 7 ಡಿಗ್ರಿ ಓರೆ ಇರುತ್ತೆ. 100 ಮಿ.ಮೀ.ದು, 6 ಡಿಗ್ರಿದು, ಕೆಳಮುಖ ಇದ್ದಿದ್ದನ್ನ ಮೇಲ್ಮುಖ ಹಾಕಿದ್ರೆ ಹ್ಯಾಂಡಲ್ ಸುಮಾರು 2 ಸೆಂ.ಮೀ. ಮೇಲೆ ಬರುತ್ತೆ, ಜೊತೆಗೆ 6 ಮಿ.ಮೀ. ಹತ್ರಾನೂ ಬರುತ್ತೆ. ನೋಡೋಕೆ ಚೆನ್ನಾಗಿರಲ್ಲ ಅಂತ ನಮ್ಮ ಭಾನುವಾರದ ಗುಂಪಲ್ಲಿ ನಗ್ತಾರೆ, ನಗಲಿ ಬಿಡಿ, ಕುತ್ತಿಗೆ ಅವರದ್ದಲ್ಲ.

ಇಲ್ಲೊಂದು ನೆನಪು. ನಾವು ಚಿಕ್ಕೋರಿದ್ದಾಗ ಗಂಟೆ ಬಾಡಿಗೆಗೆ ಸೈಕಲ್ ತಗೊಂಡು ಒಳಪೆಡಲ್ ಹೊಡೀತಿದ್ವಿ, ಸೀಟೇ ಎಟುಕ್ತಿರ್ಲಿಲ್ಲ, ಯಾವ ಫಿಟ್ಟು ಯಾವ ಸ್ಟೆಮ್ಮು, ಆದ್ರೂ ಕೈ ಜೋಮು ಹಿಡಿದಿದ್ದು ನೆನಪಿಲ್ಲ. ಆ ಸೈಕಲ್ಲಿನ ಹ್ಯಾಂಡಲ್ ಹಿಡಿ ನಮ್ಮ ಕಡೆಗೇ ಬಾಗಿರ್ತಿತ್ತು, ದೊಡ್ಡೋರು ಸೀಟಲ್ಲಿ ಕೂತ್ರೆ ಬೆನ್ನು ನೆಟ್ಟಗೆ, ಭಾರ ಎಲ್ಲ ಸೀಟಿಗೆ, ಕೈಗೆ ಬರೀ ತಿರುಗಿಸೋ ಕೆಲಸ. ಹಾಲಿನೋರು ಕ್ಯಾನ್ ನೇತುಹಾಕ್ಕೊಂಡು ಊರೆಲ್ಲ ಸುತ್ತಿದ್ದು ಅದರಲ್ಲೇ. ರೇಸ್ ಸೈಕಲ್ ಬಂದ ಮೇಲೆ ನಾವು ಬಗ್ಗಿದ್ವಿ, ಬಗ್ಗಿದ ಮೇಲೆ ಎಷ್ಟು ಬಗ್ಗಬೇಕು ಅನ್ನೋ ಪ್ರಶ್ನೆ ಹುಟ್ಟಿತು.

ಮನೇಲೇ ಸ್ಟೆಮ್ ಬದಲಾಯಿಸೋರಿಗೆ ಒಂದು ಮಾತು, ಇದನ್ನ ದಯವಿಟ್ಟು ಓದಿ. ನಮ್ಮಕ್ಕನ ಮಗ, ಇಂಜಿನಿಯರಿಂಗ್ ಓದ್ತಿದಾನೆ, ಫೋನಲ್ಲಿ ವಿಡಿಯೋ ನೋಡ್ಕೊಂಡು ತಾನೇ ಬದಲಾಯಿಸಿದ. "ಮಾಮಾ ಆಗೋಯ್ತು, ಹತ್ತೇ ನಿಮಿಷ" ಅಂತ ಗೇಟಿಂದ ಆಚೆ ಹೋದ, ಎದುರಿಗೆ ನಾಯಿ ಬಂತು, ಹ್ಯಾಂಡಲ್ ತಿರುಗಿಸಿದ, ಹ್ಯಾಂಡಲ್ ತಿರುಗ್ತು, ಚಕ್ರ ತಿರುಗಲಿಲ್ಲ. ಪುಣ್ಯಕ್ಕೆ ಎದುರು ಮನೆ ಮಲ್ಲಿಗೆ ಬಳ್ಳಿ ಚಪ್ಪರಕ್ಕೆ ಹೋಗಿ ನಿಂತ. ಅವನು ಮಾಡಿದ್ದೇನಂದ್ರೆ ಮೇಲಿನ ಕ್ಯಾಪಿನ ಬೋಲ್ಟ್ ಗಟ್ಟಿಯಾಗಿ ತಿರುಗಿಸಿದ್ದ, ಸ್ಟೆಮ್ಮನ್ನ ಫೋರ್ಕ್ ಕೊಳವೆಗೆ ಕಚ್ಚಿಸೋ ಪಕ್ಕದ ಎರಡು ಬೋಲ್ಟ್ ಮರೆತಿದ್ದ. ಮೇಲಿನ ಬೋಲ್ಟ್ ಇರೋದು ಬೇರಿಂಗಿನ ಆಟ ತೆಗೆಯೋಕೆ ಮಾತ್ರ, ಸ್ಟೆಮ್ ಹಿಡಿಯೋಕಲ್ಲ. ಮೊದಲು ಅದನ್ನ ಬೇರಿಂಗ್ ಅಲುಗಾಡದಷ್ಟು ಮಾತ್ರ ತಿರುಗಿಸಿ, ಹ್ಯಾಂಡಲ್ ಸರಾಗ ತಿರುಗಬೇಕು, ಚಕ್ರಕ್ಕೆ ನೇರ ಮಾಡಿ, ಆಮೇಲೆ ಪಕ್ಕದ ಎರಡನ್ನ ಒಂದಾದ್ಮೇಲೊಂದು ಸ್ವಲ್ಪ ಸ್ವಲ್ಪ ಬಿಗಿ ಮಾಡಿ. ಹ್ಯಾಂಡಲ್ ಹಿಡಿಯೋ ಮುಂದಿನ ಮುಚ್ಚಳದ ನಾಲ್ಕು ಬೋಲ್ಟ್ ಮೂಲೆಯಿಂದ ಎದುರು ಮೂಲೆಗೆ ಬಿಗಿ ಮಾಡಿ, ಮೇಲೆ ಕೆಳಗೆ ಸಂದು ಒಂದೇ ಸಮ ಇರಬೇಕು, ಕೆಲವಕ್ಕೆ ಮೇಲಿನ ಸಂದು ಪೂರ್ತಿ ಮುಚ್ಚಬೇಕು ಅಂತ ಬರೆದಿರುತ್ತೆ, ಬರೆದಿದ್ರೆ ಹಾಗೇ ಮಾಡಿ. ಎಷ್ಟು ಬಿಗಿ ಅಂತ ಸ್ಟೆಮ್ ಮೇಲೇ ಸಣ್ಣಕ್ಷರದಲ್ಲಿ ಇರುತ್ತೆ, ಹೆಚ್ಚಾಗಿ 5 ನ್ಯೂಟನ್ ಮೀಟರ್ ಆಸುಪಾಸು, ಅಂದ್ರೆ 10 ಸೆಂ.ಮೀ. ಉದ್ದದ ಅಲೆನ್ ಕೀ ತುದೀಲಿ 5 ಕೆಜಿ ಅಕ್ಕಿ ಚೀಲ ನೇತುಹಾಕಿದಷ್ಟು. ಫೋರ್ಕ್ ಕೊಳವೆ ಕಾರ್ಬನ್ ಆಗಿದ್ರೆ ಅಂದಾಜಿಗೆ ಹೋಗ್ಲೇಬೇಡಿ, ಎಷ್ಟು ಬಿಗಿ ಅಂತ ಅಳೆದು ತೋರಿಸೋ ಟಾರ್ಕ್ ರೆಂಚ್ ಇಲ್ಲದೆ ಮುಟ್ಟಬೇಡಿ, ಹೆಚ್ಚು ಬಿಗಿ ಆದ್ರೆ ಒಳಗೊಳಗೇ ಬಿರುಕು ಬಿಡುತ್ತೆ, ಹೊರಗಿಂದ ಕಾಣಲ್ಲ. ಎಲ್ಲ ಆದ್ಮೇಲೆ ಮುಂದಿನ ಚಕ್ರವನ್ನ ಎರಡು ಮಂಡಿ ಮಧ್ಯ ಅಮುಕಿ ಹಿಡಿದು ಹ್ಯಾಂಡಲ್ ತಿರುಗಿಸಿ ನೋಡಿ, ಜರುಗಬಾರದು.

ಹೊಸ ದುಬಾರಿ ಸೈಕಲ್ಲುಗಳಲ್ಲಿ ಹ್ಯಾಂಡಲ್ಲು ಸ್ಟೆಮ್ಮು ಒಂದೇ ತುಂಡು, ಬ್ರೇಕಿನ ಪೈಪೆಲ್ಲ ಒಳಗಿಂದ ಹೋಗಿರುತ್ತೆ. ಚಂದ, ಗಾಳಿಗೂ ಒಳ್ಳೇದು. ಆದ್ರೆ 10 ಮಿ.ಮೀ. ಗಿಡ್ಡ ಬೇಕು ಅಂದ್ರೆ ಇಡೀ ತುಂಡು ಬದಲಾಯಿಸಬೇಕು, ಎಷ್ಟೋ ಸಲ ಬ್ರೇಕ್ ಪೈಪ್ ಬಿಚ್ಚಿ ಮತ್ತೆ ಎಣ್ಣೆ ತುಂಬಿಸಬೇಕು. ಅಂಥದ್ದು ತಗೊಳೋರಂತೂ ದುಡ್ಡು ಕೊಡೋ ಮುಂಚೆ ಅಳತೆ ಮುಗಿಸ್ಕೊಳಿ.

ಅಂಗಡಿಯೋರಿಗೆ ನನ್ನ ಕೋರಿಕೆ ಇಷ್ಟೇ. 80, 90, 100, 110, ನಾಲ್ಕು ಸ್ಟೆಮ್ ಟ್ರೈ ಮಾಡೋಕೆ ಅಂತ ಇಟ್ಕೊಳಿ, ಈಗಿನ ಸೈಕಲ್ಲಿನ ಹ್ಯಾಂಡಲ್ ಹೆಚ್ಚಾಗಿ 31.8 ಮಿ.ಮೀ. ದಪ್ಪದ್ದೇ, ಹೆಚ್ಚಿನವಕ್ಕೆ ಕೂರುತ್ತೆ. ಮಾರೋ ದಿನವೇ ಗಿರಾಕೀನ ಸ್ಟ್ಯಾಂಡ್ ಮೇಲೆ ಕೂರಿಸಿ ಅರ್ಧ ಗಂಟೆ ನೋಡಿ, ಸ್ಟೆಮ್ ಬದಲಾಯಿಸಬೇಕಾದ್ರೆ ದುಡ್ಡು ಕೇಳಬೇಡಿ, ಡಬ್ಬದಲ್ಲಿ ಬಂದಿದ್ದನ್ನ ವಾಪಸ್ ಇಟ್ಕೊಳಿ. ಸೈಜ್ ಇಲ್ಲದಿದ್ರೆ ಇಲ್ಲ ಅನ್ನಿ, ನಾವು ಒಂದು ತಿಂಗಳು ಕಾಯ್ತೀವಿ. ವಿಜಯಪುರ, ಬಾಗಲಕೋಟೆ ಕಡೆ ಹಳ್ಳಿ ಹಳ್ಳಿಯಿಂದ ರೇಸಿಗೆ ಬರೋ ಮಕ್ಕಳಿದಾರೆ, ಆ ಕಡೆಯ ಸೈಕಲ್ ಹುಚ್ಚು ಇಡೀ ರಾಜ್ಯಕ್ಕೆ ಗೊತ್ತು, ಅಣ್ಣ ಬಿಟ್ಟ ಸೈಕಲ್ ತಮ್ಮನಿಗೆ ಬರೋ ಮನೆಗಳೇ ಅಲ್ಲಿ ಜಾಸ್ತಿ ಇರಬೇಕು. ಬೆಳೆಯೋ ಹುಡುಗನಿಗೆ ವರ್ಷ ವರ್ಷ ಹೊಸ ಫ್ರೇಮ್ ಕೊಡಿಸೋಕಾಗಲ್ಲ, 80ರಿಂದ 90ಕ್ಕೆ, 90ರಿಂದ 100ಕ್ಕೆ ಸ್ಟೆಮ್ ಬದಲಾಯಿಸಿಕೊಡೋಕಂತೂ ಆಗುತ್ತೆ. ತರಬೇತಿ ಕೊಡೋರು ಒಂದು ಡಬ್ಬಿ ತುಂಬ ಹಳೇ ಸ್ಟೆಮ್ ಇಟ್ಕೊಂಡ್ರೆ ಸಾಕು. ನನ್ನ 110 ಮತ್ತೆ 70 ಎರಡೂ ಸುಮ್ನೆ ಬಿದ್ದಿವೆ, ಅಂಥ ಡಬ್ಬಿ ಇದೆ ಅಂತ ಗೊತ್ತಾದ್ರೆ ಬೋಲ್ಟ್ ಸಮೇತ ಕಳಿಸ್ತೀನಿ.

ಪತ್ರ ಉದ್ದ ಆಯ್ತು, ನಿಮ್ಮ ಕಾಲಂ ಎಷ್ಟು ಅಂತ ನನಗೂ ಗೊತ್ತು. ಕತ್ತರಿ ಹಾಕೋದಾದ್ರೆ ಬಾಡಿಗೆ ಸೈಕಲ್ ನೆನಪು ತೆಗೀರಿ, ಪೈಥಾಗೊರಸ್ ಬೇಕಾದ್ರೂ ತೆಗೀರಿ, ಆ ಬೋಲ್ಟಿನ ಪ್ಯಾರಾ ಮಾತ್ರ ಇಡಿ.

ಇಂತಿ,
ನಿಮ್ಮ ಓದುಗ,
ಮೈಸೂರು